ಒಂದು ಜಗ್ಗಿದರೆ ಬೆಳ್ಳಿ

ಒಂದು ಜಗ್ಗಿದರೆ ಬೆಳ್ಳಿ, ಎರಡು ಜಗ್ಗಿದರೆ ಸೀಸ.
ಅಪ್ಪನ ಕಿವಿ ಹೋದ ಮೇಲೆ
ನಮ್ಮಿಬ್ಬರ ನಡುವೆ ಉಳಿದ ಭಾಷೆ ಇಷ್ಟೇ.

ಮಕಾವಿನ ಒಳಬಂದರು. ಉಪ್ಪುಮೀನಿನ ಓಣಿ.
ಲ್ಯೂಂಗ್ ಪಾಕ್ ಚುನ್ ಎಂದರೆ ನಲವತ್ತು ವರ್ಷದ ಚಿನಿವಾರ;
ಅವನು ಕಲ್ಲಿಗೆ ಒಗೆದು ಕೇಳಿದ ಮೇಲೆಯೇ
ಹಡಗಿನ ದುಡ್ಡು ದುಡ್ಡಾಗುತ್ತಿತ್ತು.
ಅಂಥವನಿಗೆ ಒಂದು ಬೇಸಿಗೆ
ಮೊದಲು ಸೊಳ್ಳೆ ಕೇಳಿಸಲಿಲ್ಲ,
ಆಮೇಲೆ ಇಗರ್ಜಿಯ ಗಂಟೆ,
ಆಮೇಲೆ ನಾನು.

ಹೊರಗೆ ಗೊತ್ತಾದರೆ ಅಂಗಡಿ ಮುಳುಗಿತು.
ಅದಕ್ಕೇ ಪರದೆ. ಪರದೆಯ ಹಿಂದೆ
ಮೊಣಕಾಲು ಮಡಚಿ ಕೂತ ಹನ್ನೊಂದು ವರ್ಷದ ನಾನು.
ನನ್ನ ತೋರುಬೆರಳಿಂದ ಹೊರಟು, ಹಲಗೆಯಡಿ ಹಾದು,
ಅಪ್ಪನ ಕಾಲಿನ ಹೆಬ್ಬೆರಳಿಗೆ ಗಂಟು ಬಿದ್ದ
ಒಂದು ರೇಷ್ಮೆ ದಾರ.

ಆಗ ಬರುತ್ತಿದ್ದುದು ಮೆಕ್ಸಿಕೋದ ಬೆಳ್ಳಿ,
ಅದರ ಮೇಲೆ ಸ್ಪೇನಿನ ಯಾವನೋ ದಪ್ಪಮೂಗಿನ ದೊರೆ.
ನಮ್ಮವರು ಅವನನ್ನು ಬುದ್ಧನ ತಲೆ ಎನ್ನುತ್ತಿದ್ದರು,
ದೊರೆಯ ಪರಿಚಯ ಇರಲಿಲ್ಲವಲ್ಲ.
ಕೈ ಬದಲಾದಾಗಲೆಲ್ಲ ಒಂದೊಂದು ಅಂಗಡಿ ತನ್ನ ಮುದ್ರೆ ಗುದ್ದಿ ಗುದ್ದಿ
ಮೂಗು ಹೋಯಿತು, ತುಟಿ ಹೋಯಿತು,
ನಾಣ್ಯ ಬಟ್ಟಲಿನ ಹಾಗೆ ಕುಳಿ ಬಿತ್ತು.
ಮುಖ ಹೋದಷ್ಟೂ ನಂಬಿಕೆ ಜಾಸ್ತಿ:
ಇಷ್ಟು ಜನ ಹೊಡೆದರೂ ಬಾಯಿಬಿಡದವನು
ಸುಳ್ಳನಿರಲಾರ.

ನಮ್ಮ ಮುದ್ರೆ ಬಾವಿ ಎಂಬ ಅಕ್ಷರ,
ಉದ್ದಕ್ಕೆರಡು ಗೆರೆ, ಅಡ್ಡಕ್ಕೆರಡು.
ಅದು ಬಿತ್ತೆಂದರೆ ಆ ನಾಣ್ಯದ ಪಾಪಪುಣ್ಯ ನಮ್ಮದು.

ಕೇಳುತ್ತ ಕೇಳುತ್ತ ಕಲಿತೆ.
ಒಳ್ಳೆಯ ಬೆಳ್ಳಿ ಬಿದ್ದರೆ ದನಿ ಎದ್ದು ನಿಂತು,
ಸುತ್ತ ನೋಡಿ, ಮೆಲ್ಲಗೆ ಹೊರಗೆ ಹೋಗುತ್ತದೆ.
ತಾಮ್ರ ಬೆರೆತದ್ದು ಬೇಗ ಬೇಗ ಮಾತಾಡಿ ಮುಗಿಸುತ್ತದೆ.
ಸೀಸ ಕೆಮ್ಮುತ್ತದೆ.

ಬಿರುಗಾಳಿಯ ತಿಂಗಳಿಗೆ ಇನ್ನೇನು ವಾರವಿದೆ ಎನ್ನುವಾಗ
ಫಾನ್ ಅತ್ತೆ ಬಂದಳು,
ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಹೆತ್ತವಳು.
ಮೂರು ತಿಂಗಳು ನಾವಿಕರ ಅಂಗಿ ಒಗೆದದ್ದಕ್ಕೆ
ಒಂದೇ ಒಂದು ಡಾಲರು.
ಅದು ಸಂದರೆ ಹಗ್ಗದಂಗಡಿಯ ತೋಮೆ ಪೆರೇಗ್ರೀನೋನಿಂದ
ಅಡವಿಟ್ಟ ಹಾಯಿ ಬಿಡಿಸಬೇಕು.
ಪರದೆಯಡಿಯಿಂದ ನನಗೆ ಕಂಡದ್ದು ಅವಳ ಪಾದ ಮಾತ್ರ:
ನೀರಿಗೆ ಸುಕ್ಕಿದ ಬೆರಳು,
ಹಿಮ್ಮಡಿಯ ಬಿರುಕಿನಲ್ಲಿ ಸುಣ್ಣದಂಥ ಉಪ್ಪು.

ಅಪ್ಪ ಒಗೆದ.
ಕೆಮ್ಮಿತು.

ನಾನು ಒಂದೇ ಸಲ ಜಗ್ಗಿದೆ.

ಅಪ್ಪ ಸುಮ್ಮನೆ ಕೂತ. ನಾಣ್ಯವನ್ನು
ಬೆರಳ ಸಂದಿಯಲ್ಲಿ ಒಂದು ಸಲ ತಿರುಗಿಸಿದ, ಇನ್ನೊಂದು ಸಲ.
ಆಚೆಯ ಹೆಬ್ಬೆರಳು ದಾರವನ್ನು ತುಸು ಎಳೆಯಿತು,
ಏನಂದೆ? ಎಂದು ಕೇಳಿದ ಹಾಗೆ.
ನಾನು ಮತ್ತೆ ಒಂದೇ.
ಆಮೇಲೆ ಸುತ್ತಿಗೆಯ ಸದ್ದು.
ದೊರೆಯ ಕೆನ್ನೆಯಲ್ಲಿ ನಮ್ಮ ಬಾವಿ ತೋಡಿದ.

ಹತ್ತೊಂಬತ್ತನೇ ದಿನ ಪೆರೇಗ್ರೀನೋ ಬಂದು ಹಲಗೆಗೆ ಬಡಿದ.
ಅಂಚಿನಲ್ಲಿ ಉಳಿಯ ಗಾಯ, ಗಾಯದೊಳಗೆ ಬೂದಿಬಣ್ಣ.
ಅವನು ಬೈದಷ್ಟೂ ಹೊತ್ತು ಅಪ್ಪ
ಎಲ್ಲ ಕೇಳಿಸಿದವನಂತೆ ತಲೆದೂಗಿದ.
ಪೆಟ್ಟಿಗೆ ತೆರೆದು ಒಳ್ಳೆಯದೊಂದನ್ನು ಎಣಿಸಿ ಕೊಟ್ಟ.
ಒಂದನ್ನು ಎಣಿಸುವುದೇನು ಬಂತು!
ಆದರೂ ಎಣಿಸಿದ.

ರಾತ್ರಿ ಬೈಯಲಿಲ್ಲ. ಮರುದಿನ ದಾರ ಕಟ್ಟುವಾಗ
ನನ್ನ ಬೆರಳಿಗೆ ಒಂದು ಸುತ್ತು ಹೆಚ್ಚು ಸುತ್ತಿದ.
ನಲವತ್ತು ವರ್ಷ ತೂಗಿದ ಕೈಗೆ
ಸೀಸದ ಭಾರ ತಿಳಿಯಲಿಲ್ಲವೇ?
ಕೇಳಬಹುದಿತ್ತು.
ಅದಕ್ಕೆ ಎಷ್ಟು ಸಲ ಜಗ್ಗಬೇಕೆಂದು ನಾವು ಗೊತ್ತುಮಾಡಿಕೊಂಡಿರಲಿಲ್ಲ.

ಈಗ ಹಲಗೆಗೆ ನಾನೇ ಕೂರುತ್ತೇನೆ, ಪರದೆಯಿಲ್ಲದೆ.
ಬ್ಯಾಂಕಿನವರು ಕಾಗದದ ಪತಾಕ ತಂದಿದ್ದಾರೆ;
ಕಲ್ಲಿಗೆ ಒಗೆದರೆ ಅದು ಮಾತಿಲ್ಲದೆ ಮಲಗುತ್ತದೆ.
ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ, ಗಿರಾಕಿ ಬರುವ ಮುಂಚೆ,
ಆ ಖೋಟಾ ಡಾಲರನ್ನು ಒಮ್ಮೆ ಒಗೆದು ಕೇಳುತ್ತೇನೆ.
ಕಿವಿ ಹದಕ್ಕೆ ಬರಲಿ ಅಂತ, ಎನ್ನುತ್ತೇನೆ ಕಂಡವರಿಗೆ.
ತೋರುಬೆರಳು ತಾನಾಗಿ ಒಂದು ಸಲ ಮಡಚಿಕೊಳ್ಳುತ್ತದೆ.

ಈ ಬೇಸಿಗೆ ಅದರ ಕೆಮ್ಮು ಎಷ್ಟೋ ವಾಸಿ.
ಓಣಿಯಲ್ಲಿ ಸೊಳ್ಳೆಯೂ ಕಡಿಮೆ.